ರಾಗಿ ವಾಡೆಯ ತುಂಡು

ತಿಮ್ಮೇಶ ಮುಖ ತೊಳೆದು ಹೊರಗೆ ಬರುವ ಹೊತ್ತಿಗೆ ಅಪ್ಪ ಲಕ್ಕಯ್ಯ ಆಗಲೇ ಬೈಕಿನ ಹಿಂದಿನ ಸೀಟಿನ ಮೇಲೆ ಕೂತುಬಿಟ್ಟಿದ್ದ. ಬೈಕು ಇನ್ನೂ ಸ್ಟ್ಯಾಂಡಿನ ಮೇಲೇ ಇತ್ತು. ಒಗೆದ ಪಂಚೆ, ಮದುವೆ ಮನೆಗಳಿಗೆ ಮಾತ್ರ ಹೊರಬೀಳುವ ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ. ಎಪ್ಪತ್ತು ದಾಟಿ ಎಷ್ಟೋ ವರ್ಷವಾದ ಮುದುಕ ಯಾರ ಸಹಾಯವೂ ಇಲ್ಲದೆ ಅಷ್ಟೆತ್ತರಕ್ಕೆ ಹೇಗೆ ಹತ್ತಿದನೋ. ಇವತ್ತು ಮಾಗಡಿ ಸ್ಟೇಷನ್ನಿಗೆ ಹೋಗಿ ಕೋವಿ ಬಿಡಿಸಿಕೊಂಡು ಬರಬೇಕಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಸ್ಟೇಷನ್ನಿಗೆ ಹೋಗಿ ಕೂರಬೇಕು, ಮುಗಿದ ಮೇಲೆ ಮನೆಗೆ ಬರಬೇಕು. ಅದು ಈ ಮನೆಯವರಿಗೆ ಹೊಸದಲ್ಲ. ಹೊಸದೇನೆಂದರೆ, ಈ ಸಲ ಕೋವಿಯನ್ನು ಮನೆಗೆ ತರುವುದು ಬೇಡವೆಂದು ತಿಮ್ಮೇಶ ತೀರ್ಮಾನ ಮಾಡಿದ್ದ. ಸ್ಟೇಷನ್ನಿನಿಂದ ನೇರವಾಗಿ ರಾಮನಗರದ ರಸ್ತೆಯ ರೈಫಲ್ ಕ್ಲಬ್ಬಿಗೆ ಒಯ್ದು ಅಲ್ಲಿನ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಇಟ್ಟು ಬರುವುದು. ಈ ವಿಷಯ ಹೆಂಡತಿ ವರಲಕ್ಷ್ಮಿಗೆ ಮಾತ್ರ ಹೇಳಿದ್ದ. ಅಪ್ಪನಿಗೆ ಹೇಳಿರಲಿಲ್ಲ, ಯಾಕೆಂದರೆ ಕೋವಿಯನ್ನು ಮನೆಯಿಂದ ಸಾಗಹಾಕುತ್ತಿದ್ದುದೇ ಅಪ್ಪನ ಬಗೆಗಿನ ಭಯದಿಂದ.

"ನೀನ್ಯಾಕಪ್ಪ, ಬಿಸ್ಲು" ಎಂದ ತಿಮ್ಮೇಶ.

"ಬಿಸ್ಲು ನಂಗೇನು ಹೊಸದೇನ್ಲಾ" ಎಂದ ಲಕ್ಕಯ್ಯ. "ನಡಿ. ಕೋವಿ ಹಿಡ್ಕಳಕ್ಕೆ ಹಿಂದ್ಗಡೆ ಒಬ್ಬ ಬೇಕಲ್ಲ."

ವರಲಕ್ಷ್ಮಿ ಹೊಸ್ತಿಲಲ್ಲಿ ನಿಂತು ಗಂಡನ ಮುಖವನ್ನೂ ಮಾವನ ಮುಖವನ್ನೂ ನೋಡಿದಳು. ಹಾಲಿನ ಕ್ಯಾನು ಅವಳ ಕೈಯಲ್ಲಿತ್ತು. ಡೇರಿಗೆ ಈಗ ಅವಳೇ ಹೋಗುತ್ತಾಳೆ. "ಹುಷಾರಾಗಿ ಹೋಗ್ಬನ್ನಿ" ಎಂದಳು, ಅದನ್ನು ಯಾರಿಗೆ ಹೇಳಿದಳೆಂದು ತಿಮ್ಮೇಶನಿಗೆ ಗೊತ್ತಾಗಲಿಲ್ಲ.

ಬೈಕು ಊರು ದಾಟುವಾಗ ತಿಮ್ಮೇಶ ಡೇರಿಯ ಮುಂದಿನ ರಸ್ತೆ ಬಿಟ್ಟು ಕೆರೆ ಏರಿಯ ಮೇಲಿನ ಸುತ್ತುದಾರಿ ಹಿಡಿದ. ಅದು ಅಭ್ಯಾಸವಾಗಿ ಹೋಗಿತ್ತು. ಏರಿಯ ಮೇಲಿನ ದಾರಿಯಲ್ಲಿ ಗುಂಡಿಗಳು ಜಾಸ್ತಿ, ಆದರೆ ಮುಖಗಳು ಕಡಿಮೆ. ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಅಪ್ಪನ ಮುಷ್ಟಿ ಬೆನ್ನ ಮೇಲಿನ ಅಂಗಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಂಗಿ ಕುತ್ತಿಗೆಗೆ ಒತ್ತುತ್ತಿತ್ತು. ಒಸಿ ಸಡಿಲ ಹಿಡ್ಕೊ ಅಂತ ಹೇಳಬೇಕೆಂದುಕೊಂಡ. ಹೇಳಲಿಲ್ಲ. ಇತ್ತೀಚೆಗೆ ಅಪ್ಪನಿಗೆ ಏನು ಹೇಳಬೇಕಾದರೂ ಅದು ಎಲ್ಲಿಗೆ ಹೋಗಿ ತಾಗುತ್ತದೋ ಎಂಬ ಅಳುಕು. ಎದೆ ಉರಿಯುತ್ತಿತ್ತು. ಆಸಿಡಿಟಿ. ಮೂರು ಹೊತ್ತೂ ಉರಿಯುವ ಈ ಆಸಿಡಿಟಿಯಿಂದ ನಿದ್ದೆಯಿಲ್ಲ, ಮುದ್ದೆ ಅರ್ಧಕ್ಕಿಂತ ಹೆಚ್ಚು ಇಳಿಯುವುದಿಲ್ಲ, ಗಡ್ಡ ಕೆರೆದುಕೊಳ್ಳುವುದಕ್ಕೂ ಬೇಸರ. ಮಾಗಡಿಯ ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ಬಿಳಿಯ ಸುಣ್ಣದ ಹಾಗಿತ್ತು. ಅದನ್ನು ಅಗಿದರೆ ಬಾಯಿ ತುಂಬ ಗೋಡೆ ನೆಕ್ಕಿದ ರುಚಿ, ಎದೆಯ ಉರಿ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಆ ಕೋವಿ ಒಂಟಿ ನಳಿಗೆಯದು. ಲಕ್ಕಯ್ಯ ಪ್ರಾಯದಲ್ಲಿದ್ದಾಗ ಕುರಿಹಟ್ಟಿಗೆ ಚಿರತೆ ನುಗ್ಗುತ್ತದೆಂದು ಅರ್ಜಿ ಹಾಕಿ ಪಡೆದದ್ದು. ವಯಸ್ಸಾದ ಮೇಲೆ ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಸಿದ್ದರೂ ಊರಿನವರ ಬಾಯಲ್ಲಿ ಅವನು ಇವತ್ತಿಗೂ ಕೋವಿ ಲಕ್ಕಯ್ಯನೇ. ಕೋವಿಯನ್ನು ಬಿಚ್ಚಿದರೆ ಮೂರು ಭಾಗ: ಹಿಡಿ, ನಳಿಗೆ, ಮತ್ತೆ ನಳಿಗೆಯ ಅಡಿಗೆ ಕೂರಿಸುವ ಅಂಗೈಯಗಲದ ಒಂದು ಮರದ ತುಂಡು. ಆ ತುಂಡು ಕೂರಿಸದಿದ್ದರೆ ನಳಿಗೆ ಹಿಡಿಗೆ ನಿಲ್ಲುವುದಿಲ್ಲ, ಕಳಚಿಕೊಂಡು ಕೈಗೆ ಬರುತ್ತದೆ. ತಿಮ್ಮೇಶ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ಬದುವಿನ ಜಗಳವೊಂದರಲ್ಲಿ ಲಕ್ಕಯ್ಯ ಸಿಟ್ಟಿನ ಭರಕ್ಕೆ ಕೋವಿ ಇಳಿಸಿಕೊಂಡು ಅಂಗಳದವರೆಗೆ ಬಂದಿದ್ದನಂತೆ. ಮಾರನೆಯ ದಿನ ಬೆಳಗ್ಗೆ ಅವನ ಹೆಂಡತಿ ಭದ್ರಮ್ಮ ಯಾರಿಗೂ ಹೇಳದೆ ಆ ಮರದ ತುಂಡನ್ನು ಬಿಚ್ಚಿ, ನಡುಮನೆಯಲ್ಲಿ ಕಾಳು ತುಂಬಿಡುವ ಮಣ್ಣಿನ ವಾಡೆಗೆ, ರಾಗಿಯ ಒಳಕ್ಕೆ, ಕೈ ಭುಜದವರೆಗೆ ಇಳಿಸಿ ಹೂತಿಟ್ಟಳು. ಅಂದಿನಿಂದ ಅದೇ ಮನೆಯ ಪದ್ಧತಿಯಾಯಿತು. ಚಿರತೆ ಬಂತು, ಹಂದಿ ಬಂತು ಎಂದರೆ ಲಕ್ಕಯ್ಯ ವಾಡೆಯ ಮುಂದೆ ನಿಲ್ಲಬೇಕು. ಭದ್ರಮ್ಮ ಯಾಕೆ ಏನು ಎಂದು ಕೇಳಿ, ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡು ರಾಗಿಗೆ ಕೈ ಇಳಿಸಿ ತೆಗೆದುಕೊಡಬೇಕು. ವಾಪಸು ಬಂದ ಗಂಡನಿಗೆ ಕಾಲಿಗೆ ನೀರು ಕೊಡುವ ಮೊದಲು ಅವಳು ಕೈ ಚಾಚುತ್ತಿದ್ದುದು ಆ ತುಂಡಿಗೆ. "ಲೈಸೆನ್ಸ್ ಕೊಡೋರು ಡಿ.ಸಿ. ಸಾಹೇಬ್ರಲ್ಲ ಕಣ್ರಲಾ, ಭದ್ರಮ್ಮ" ಎಂದು ಊರು ನಗುತ್ತಿತ್ತು. ಲಕ್ಕಯ್ಯನೂ ನಗುತ್ತಿದ್ದ. ಆದರೆ ಒಂದು ಸಲವೂ ಅವಳನ್ನು ಕೇಳದೆ ವಾಡೆಗೆ ಕೈ ಹಾಕಿದವನಲ್ಲ.

ಹೋದ ವರ್ಷ ಭದ್ರಮ್ಮ ತೀರಿಕೊಂಡಳು. ತಿಥಿ ಆಯಿತು, ಅವಳ ಓಲೆ ಯಾರಿಗೆ, ಅವಳ ಮೇಕೆ ಯಾರಿಗೆ ಎಂದೆಲ್ಲ ಮಾತಾಯಿತು. ವಾಡೆಯ ಕೆಲಸ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಮೂವರು ಸೇರಿ ಕಾಯುತ್ತಿದ್ದ ಕೋವಿ ಇಬ್ಬರ ಕೈಗೆ ಬಂತು, ಮೂರನೆಯವರ ಜಾಗ ಹಾಗೇ ಖಾಲಿ ಬಿತ್ತು. ವರಲಕ್ಷ್ಮಿಯನ್ನು ಕೇಳಿದರೆ, "ನಂಗೆ ಯಾರೂ ಹೇಳ್ಲಿಲ್ಲ, ನಾನ್ಯಾಕೆ ಮೇಲೆ ಬಿದ್ದು ಕೇಳ್ಲಿ" ಎಂದಳು. ಅವಳು ಹೇಳಿದ್ದೂ ಸರಿಯೇ.

ಮಾಗಡಿ ಹತ್ತಿರವಾದಂತೆ ತೆಂಗಿನ ತೋಟಗಳ ಆಚೆ ಸಾವನದುರ್ಗದ ಬಂಡೆ ಕಂಡಿತು. ತಿಮ್ಮೇಶನ ಮನಸ್ಸು ಮಾತ್ರ ಕುರಿಹಟ್ಟಿಯ ಆ ಬೆಳಗಿಗೆ ಹೋಗಿ ನಿಂತಿತ್ತು. ಕುರಿಗಳನ್ನು ಬಿಡಲೆಂದು ತಡಿಕೆ ಸರಿಸಿದರೆ ಒಳಗೆ, ಕುರಿಗಳ ನಡುವೆ, ಅಪ್ಪ ನೆಲದ ಮೇಲೆ ಕೂತಿದ್ದ. ಎರಡು ಮೊಣಕಾಲುಗಳ ನಡುವೆ ಕೋವಿ. ಕಣ್ಣು ಕೆಂಪಗಿತ್ತು. ರಾತ್ರಿಯೆಲ್ಲ ಅಲ್ಲೇ ಇದ್ದನೋ, ಬೆಳಗಿನ ಜಾವ ಬಂದನೋ ತಿಳಿಯದು. "ಏನಪ್ಪ" ಎಂದರೆ, "ಸುಮ್ನೆ ಒರೆಸ್ತಿದ್ದೆ" ಎಂದ. ಅವನ ಕೈಯಲ್ಲಿ ಬಟ್ಟೆಯಿರಲಿಲ್ಲ. ಇಬ್ಬರೂ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಅಪ್ಪನ ಪ್ರತಿಯೊಂದು ನಡೆಯೂ ತಿಮ್ಮೇಶನಿಗೆ ಅದೇ ಒಂದು ಕಡೆಗೆ ಬೆರಳು ತೋರಿಸುವ ಹಾಗೆ ಕಾಣತೊಡಗಿತು. ಜಗುಲಿಯ ಮೇಲೆ ಮಲಗುತ್ತಿದ್ದವನು ಮಂಚವನ್ನು ತಲೆಬಾಗಿಲಿಗೆ ಅಡ್ಡವಾಗಿ ಎಳೆದು ಹಾಕಿಕೊಂಡ. ಹಿಪ್ಪುನೇರಳೆ ಸಾಲಿನ ಮೂಲೆಯ ಶೆಡ್ಡಿನಲ್ಲಿದ್ದ, ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿ ಕಾಣೆಯಾಯಿತು. ಹುಡುಕಿದರೆ ಅದು ಅಪ್ಪನ ಮಂಚದ ಕೆಳಗೆ, ಹಳೆ ಗೋಣಿಯಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ತಿಮ್ಮೇಶ ತಡ ಮಾಡಲಿಲ್ಲ. ಡಬ್ಬಿಯನ್ನು ಎತ್ತಿಕೊಂಡು ಹೋಗಿ ಕಲ್ಲುಗುಡ್ಡೆಯ ಹಿಂದೆ ಹೂತು ಬಂದ. ಮಾರನೆಯ ದಿನ ಅಪ್ಪ ಮಂಚದ ಕೆಳಗೆ ಬಗ್ಗಿ ನೋಡಿ, ಎದ್ದು, ಮಗನನ್ನೇ ಬಹಳ ಹೊತ್ತು ನೋಡಿದ. ಅಂಥ ನೋಟವನ್ನು ಅಪ್ಪನ ಕಣ್ಣಲ್ಲಿ ಅವನು ಯಾವತ್ತೂ ಕಂಡಿರಲಿಲ್ಲ. ಕಳ್ಳನ ಮೇಲೆ ಕಣ್ಣಿಟ್ಟವನ ನೋಟ. ಆಮೇಲೆ ಬಾವಿ. ನೀರು ಎಷ್ಟಕ್ಕೆ ಇಳಿದಿದೆ ನೋಡೋಣವೆಂದು ತಿಮ್ಮೇಶ ಸಂಜೆ ಹೊತ್ತು ತೋಟದ ಬಾವಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಕೂತರೆ ಎದ್ದು ಬರುವ ಮನಸ್ಸಾಗುತ್ತಿರಲಿಲ್ಲ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಅಪ್ಪ ಕೋಲೂರಿಕೊಂಡು ಬಾವಿಗೇ ಬರುತ್ತಿದ್ದ. ಈ ಮುದುಕನಿಗೆ ಬಾವಿಯ ಕಡೆಗೇ ಯಾಕೆ ಕಾಲು ಎಳೆಯುತ್ತದೆ ಎಂದು ಹೆದರಿ ತಿಮ್ಮೇಶ ಎದ್ದು, ಅಪ್ಪನ ರಟ್ಟೆ ಹಿಡಿದು ಮನೆಗೆ ಕರೆತರುತ್ತಿದ್ದ.

ಇಷ್ಟಾದರೂ ಧೈರ್ಯ ಕೊಡುತ್ತಿದ್ದುದು ಒಂದೇ: ತುಂಡು ಇಲ್ಲದೆ ಕೋವಿ ಕೋವಿಯಲ್ಲ. ಆದರೆ ತುಂಡು ವಾಡೆಯಲ್ಲಿರಲಿಲ್ಲ. ಅದು ತಿಮ್ಮೇಶನಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅಂಗಿ ಬಿಚ್ಚಿಟ್ಟು ವಾಡೆಗೆ ಕೈ ಇಳಿಸಿ ಹುಡುಕಿದ್ದ. ಇದೆಯೋ ಇಲ್ಲವೋ ನೋಡಿಬಿಡೋಣ, ಅಷ್ಟೇ. ರಾಗಿಯ ಒಳಗೆ ತಂಪಾಗಿತ್ತು. ಬೆರಳು ತಳಕ್ಕೆ ತಾಗಿತು, ಸುತ್ತ ತಡಕಾಡಿತು, ರಾಗಿ ಬಿಟ್ಟರೆ ಏನೂ ಸಿಗಲಿಲ್ಲ. ಕೈ ತೆಗೆಯುವುದಕ್ಕೂ ಮನಸ್ಸಾಗದೆ ಹಾಗೇ ಕೆನ್ನೆಯನ್ನು ವಾಡೆಯ ಬಾಯಿಗೆ ಆನಿಸಿ ಬಹಳ ಹೊತ್ತು ನಿಂತಿದ್ದ ನೆನಪು. ಅದು ಡೇರಿಯ ಮಾತು ನಡೆದ ಮಾರನೆಯ ದಿನವಿರಬೇಕು.

ಡೇರಿಯದನ್ನು ಅವನು ನೆನೆಯಲು ಇಷ್ಟಪಡುತ್ತಿರಲಿಲ್ಲ, ಆದ್ದರಿಂದ ಅದು ದಿನಕ್ಕೆ ನೂರು ಸಲ ತಾನಾಗಿಯೇ ಬರುತ್ತಿತ್ತು. ಆವತ್ತು ಕರು ಹಗ್ಗ ಕಿತ್ತುಕೊಂಡು ಹಾಲು ಕುಡಿದುಬಿಟ್ಟಿತ್ತು. ಕ್ಯಾನು ಅರ್ಧವೂ ಇರಲಿಲ್ಲ. ಪಾತ್ರೆ ಗಲಬರಿಸಿದ ನೀರನ್ನು ಚೆಲ್ಲುವ ಬದಲು ಕ್ಯಾನಿಗೇ ಸುರಿದ, ಮೇಲೆ ಇನ್ನೊಂದು ಚೊಂಬು. ಯಾರು ಮಾಡದ್ದು? ಆದರೆ ಸಿಕ್ಕಿಬಿದ್ದವನು ಅವನು. ಡೇರಿ ಸೆಕ್ರೆಟರಿ ಚಿಕ್ಕರಾಜು, ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅಳತೆಯ ಕಡ್ಡಿಯನ್ನು ಹಾಲಿಗೆ ಬಿಟ್ಟು ಎತ್ತಿ ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ಕಾಣುವ ಹಾಗೆ ತಿರುಗಿಸಿ, "ತಿಮ್ಮೇಶ, ಮಂಚನಬೆಲೆ ಡ್ಯಾಮ್ ಗೇಟ್ ಎತ್ತವ್ರೇನ್ಲಾ" ಎಂದ. ಆಮೇಲೆ ಕ್ಯಾನಿನ ಹಾಲನ್ನು ನಿಧಾನವಾಗಿ ಚರಂಡಿಗೆ ಸುರಿದ. ಬಿಳಿ ನೀರು ಎಲ್ಲರ ಕಾಲಿನ ಪಕ್ಕದಲ್ಲಿ ಹರಿದುಹೋಯಿತು. ಹೆಂಗಸರು ಸೀರೆ ಎತ್ತಿಕೊಂಡರು. ನಕ್ಕವರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ದನಿಯಲ್ಲಿ ನಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಚೊಂಬು ನೀರಿಗೆ ಹೋದ ಮಾನಕ್ಕೆ ಏನು ಕೊಟ್ಟರೆ ಬಂದೀತು. ಆಮೇಲೆ ಹೋಟೆಲಿನಲ್ಲಿ ಯಾರಾದರೂ ಟೀಗೆ ಹಾಲು ಕಮ್ಮಿಯಾಯಿತು ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ಹೆಗಲಿಗೆ ಹೋಗುತ್ತಿತ್ತು. ಹೋಟೆಲಿಗೂ ಹೋಗುವುದು ಬಿಟ್ಟ.

ಸ್ಟೇಷನ್ನಿನಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಪೇದೆ ಮೂಲೆಯ ಕೋಣೆಯಿಂದ ಕೋವಿಯ ಎರಡು ಭಾಗ ತಂದು ಮೇಜಿನ ಮೇಲಿಟ್ಟು, "ಒಂದು ತುಂಡು ಇಲ್ವಲ್ರೀ" ಎಂದ. ಇಡುವಾಗಲೂ ಅವನು ಅದನ್ನೇ ಕೇಳಿದ್ದ.

"ಮನೇಲೈತೆ ಸಾರ್" ಎಂದ ತಿಮ್ಮೇಶ. ಆಗಲೂ ಅದನ್ನೇ ಹೇಳಿದ್ದ. ಹೇಳಿ, ಅಪ್ಪನ ಕಡೆ ನೋಡಿದ. ಲಕ್ಕಯ್ಯ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ. ಈ ಮುದುಕನ ಹತ್ತಿರವೇ ಇದೆ, ಇನ್ನು ಯಾರ ಹತ್ತಿರ ಇರುತ್ತದೆ. ಎರಡು ಭಾಗ ಮನೆ ಸೇರಿದರೆ ಮೂರೂ ಒಂದೇ ಸೂರಿನಡಿ. ಅಪ್ಪ ಒಗೆದ ಅಂಗಿ ತೊಟ್ಟು ಬೈಕು ಹತ್ತಿದ್ದು ಅದಕ್ಕೇ. ಕಾಯುತ್ತಿದ್ದಾನೆ. ತಿಮ್ಮೇಶನಿಗೆ ಅಳು ಬಂದಂತಾಯಿತು, ಅದರ ಬೆನ್ನಿಗೇ ಸಿಟ್ಟು. ಅವ್ವ ಸತ್ತರೆ ಇವನೊಬ್ಬನಿಗೇ ಸತ್ತಳೇ, ನಾನೇನು ಕಲ್ಲೇ. ಸಹಿ ಹಾಕಿದ.

ಗೋಣಿಬಟ್ಟೆಯಲ್ಲಿ ಸುತ್ತಿದ ಕೋವಿಯನ್ನು ಅಪ್ಪ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತ. ಬಸ್ ಸ್ಟ್ಯಾಂಡು ದಾಟಿದ ಮೇಲೆ ರಸ್ತೆ ಕವಲಾಗುತ್ತದೆ. ಕೆಂಪಾಪುರದ ಕಡೆಗೆ ತಿರುಗಿದರೆ ಮನೆ, ಇನ್ನೊಂದು ಕಡೆಗೆ ರಾಮನಗರ. ತಿಮ್ಮೇಶ ಮನಸ್ಸಿನಲ್ಲೇ ಸುಳ್ಳೊಂದನ್ನು ಸಿದ್ಧಮಾಡಿಕೊಂಡಿದ್ದ: ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಒಬ್ಬರನ್ನು ನೋಡಬೇಕು, ಹೋಗಿ ಬಂದುಬಿಡೋಣ. ಬೈಕು ರಾಮನಗರದ ಕಡೆ ತಿರುಗಿತು. ಅಪ್ಪ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಸಿದ್ಧಮಾಡಿಕೊಂಡ ಸುಳ್ಳು ಬಾಯಲ್ಲೇ ಉಳಿದು ಮಾತ್ರೆಯ ಹಾಗೆ ಸುಣ್ಣವಾಯಿತು. ಕನ್ನಡಿಯಲ್ಲಿ ಅಪ್ಪನ ಮುಖದ ಅರ್ಧ ಕಾಣುತ್ತಿತ್ತು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆ ನೋಡುತ್ತಿದ್ದ. ಒಂದು ಕೈ ಕೋವಿಯ ಮೇಲೆ, ಇನ್ನೊಂದು ಮಗನ ಅಂಗಿಯ ಮೇಲೆ. ರಸ್ತೆಯ ಎರಡೂ ಕಡೆ ಬಂಡೆಗಳು ಎತ್ತರವಾಗುತ್ತ ಹೋದವು. ಚಿಕ್ಕವನಿದ್ದಾಗ ಒಮ್ಮೆ ಅಪ್ಪ ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಂಥದೇ ಬಂಡೆಯ ಸಂದಿನಲ್ಲಿ ತಪ್ಪಿಸಿಕೊಂಡ ಕುರಿಯನ್ನು ಹುಡುಕಿದ್ದ. ಕತ್ತಲಾಗುವವರೆಗೆ ಹುಡುಕಿದ. ಕುರಿ ಸಿಗಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದ್ದು, ಹೋದದ್ದು ಹೋಯ್ತು, ಇರೋವನ್ನ ಎಣಿಸ್ಕೋಬೇಕು ಅಂತ. ಆಮೇಲೆ ಅಪ್ಪ ನಿದ್ದೆಗಣ್ಣಿನಲ್ಲೂ ಎದ್ದೆದ್ದು ಕುರಿ ಎಣಿಸುತ್ತಿದ್ದುದನ್ನು ತಿಮ್ಮೇಶ ನೋಡಿದ್ದ.

ಕ್ಲಬ್ಬು ಎಂದರೆ ಬಂಡೆಯ ಬುಡದಲ್ಲೊಂದು ಉದ್ದನೆಯ ಶೀಟಿನ ಶೆಡ್ಡು, ಪಕ್ಕದಲ್ಲಿ ಎರಡು ಕೋಣೆಯ ಕಟ್ಟಡ. ಶೆಡ್ಡಿನಲ್ಲಿ ಕಾಲೇಜಿನ ಹುಡುಗಿಯರು ಸಾಲಾಗಿ ನಿಂತು ಕಾಗದದ ಗುರಿಗೆ ಏರ್ ಗನ್ನು ಹೊಡೆಯುತ್ತಿದ್ದರು. ಟಪ್ ಟಪ್ ಸದ್ದು ಹೊಲಿಗೆ ಮೆಷಿನ್ನಿನ ಸದ್ದಿನಷ್ಟೂ ಭಯವಿಲ್ಲದ್ದು. ಲಕ್ಕಯ್ಯ ನಿಂತು ಸ್ವಲ್ಪ ಹೊತ್ತು ನೋಡಿದ. "ಕಾಗ್ದ ಹೊಡೆಯಕ್ಕೆ ಇಷ್ಟು ಜನವಾ" ಎಂದ. ಅವನ ದನಿಯಲ್ಲಿ ಹಾಸ್ಯವಿತ್ತು. ತಿಮ್ಮೇಶನಿಗೆ ಅದು ಇನ್ನಷ್ಟು ಕಷ್ಟವಾಯಿತು.

ಸೆಕ್ರೆಟರಿ ಮನೋಹರ್ ಮಿಲಿಟರಿಯಿಂದ ನಿವೃತ್ತನಾದವನು. ಕೋವಿ ಇಡಲು ಸ್ಟೇಷನ್ನಿಗೆ ಹೋದಾಗ ಪರಿಚಯವಾಗಿ, ಆಮೇಲೆ ತಿಮ್ಮೇಶನಿಂದ ಸದಸ್ಯತ್ವಕ್ಕೆ, ಅನುಮತಿಗೆ ಬೇಕಾದ ಕಾಗದಪತ್ರ ಮಾಡಿಸಿದ್ದ. ಈಗ ಇಬ್ಬರನ್ನೂ ಒಳಗೆ ಕೂರಿಸಿ, ಹೆಮ್ಮೆಯಿಂದ ಕೋಣೆ ತೋರಿಸಿದ. ಕಬ್ಬಿಣದ ಬಾಗಿಲು, ಅದಕ್ಕೆ ಎರಡು ಬೀಗ, ಬೇರೆ ಬೇರೆಯವರ ಹತ್ತಿರ ಕೀಲಿ, ಮೇಲೆ ಕ್ಯಾಮರಾ. ಒಳಗೆ ಕೋವಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. "ನೋಡಿ ಯಜಮಾನ್ರೇ, ಮನೇಲಿ ಗನ್ ಇಡೋದು ಹಳೇ ಕಾಲದ ಮಾತು" ಎಂದ ಲಕ್ಕಯ್ಯನಿಗೆ. "ಕಳ್ಳತನ ಆಗಬಹುದು, ಯಾರೋ ಸಿಟ್ಟಲ್ಲಿ ಎತ್ಕೋಬಹುದು. ಇಲ್ಲಿ ಬೇಕಾದಾಗ ಬಂದು ತಗೊಂಡು ಹೋಗಿ, ವಾಪಸ್ ಇಡಿ. ಒಬ್ಬರೇ ಬಂದ್ರೆ ಕೊಡಲ್ಲ, ಇಬ್ಬರು ಬರಬೇಕು. ಅದು ನಮ್ಮ ರೂಲು."

"ಚಿರತೆ ಬಂದ್ರೆ ಒಸಿ ನಿಂತ್ಕೊ, ರಾಮನಗರಕ್ಕೆ ಹೋಗ್ಬತ್ತೀವಿ ಅಂತ ಹೇಳ್ಬೇಕಾಯ್ತದೆ" ಎಂದ ಲಕ್ಕಯ್ಯ.

ಮನೋಹರ್ ನಕ್ಕ. "ಅದೂ ನಿಜಾನೇ. ಈಗ ಚಿರತೆ ಬಂದ್ರೆ ಫಾರೆಸ್ಟ್‌ನವರಿಗೆ ಫೋನ್ ಮಾಡ್ಬೇಕು, ಗನ್ ಎತ್ತಂಗಿಲ್ಲ." ಆಮೇಲೆ ತಿಮ್ಮೇಶನ ಕಡೆ ತಿರುಗಿ, ಪೆನ್ನು ತೆಗೆಯುತ್ತ, "ಕಮಿಟಿಯವರು ಕೇಳ್ತಾರೆ, ಸುಮ್ಮನೆ ಒಂದು ಮಾತು. ಇಷ್ಟು ವರ್ಷ ಮನೇಲಿಟ್ಟಿದ್ರಿ, ಈಗ ಯಾಕೆ ಬೇಡ?" ಎಂದ.

ತಿಮ್ಮೇಶ ಮೇಜಿನ ಅಂಚು ನೋಡಿದ. ಫಾರೆಸ್ಟ್‌ನವರ ಮೇಲೆ ಹಾಕಬಹುದಿತ್ತು, ಚಿರತೆಯ ಮಾತು ತಾನಾಗಿಯೇ ಬಾಯಿಗೆ ಬಂದು ನಿಂತಿತ್ತು. ಆದರೆ ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ನಿಜದ ಅರ್ಧ ಮಾತ್ರ. "ಮನೇಲಿ ವಯಸ್ಸಾದೋರವ್ರೆ ಸಾರ್" ಎಂದ. ಹೇಳಿದ ಮೇಲೆ ಸಾಲದೇನೋ ಎಂದು ಇನ್ನೂ ಸೇರಿಸಿದ. "ನಮ್ಮವ್ವ ಹೋದ ಮೇಲೆ ಮನ್ಸು ಸರಿಯಿಲ್ಲ ಅವ್ರಿಗೆ. ಏನಾರ ಮಾಡ್ಕಂಬುಟ್ರೆ ಅಂತ."

ಹೊರಗೆ ಟಪ್ ಟಪ್ ನಿಂತಿತು. ಹುಡುಗಿಯರು ಕಾಗದ ಬದಲಾಯಿಸುತ್ತಿದ್ದಿರಬೇಕು. ತಿಮ್ಮೇಶ ತಲೆಯೆತ್ತಲಿಲ್ಲ. ಹೇಳಿಬಿಟ್ಟೆ. ಹೊರಗಿನವನ ಮುಂದೆ, ಕೋವಿ ಲಕ್ಕಯ್ಯ ಎಂದು ಊರೆಲ್ಲ ಕರೆಯುವವನಿಗೆ, ನಿನ್ನ ಕೈಗೆ ಕೋವಿ ಕೊಡಲು ನನಗೆ ಭಯ ಅಂತ ಹೇಳಿಬಿಟ್ಟೆ. ಚಿಕ್ಕರಾಜು ಕಡ್ಡಿ ಎತ್ತಿ ಹಿಡಿದು ತೋರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ. ಅಪ್ಪ ಎದ್ದು ಹೊರಗೆ ಹೋಗಿಬಿಡುತ್ತಾನೆ ಎಂದುಕೊಂಡ. ಕುರ್ಚಿ ಅಲುಗಿದ ಸದ್ದು ಕೇಳಿತು. ಲಕ್ಕಯ್ಯ ಎದ್ದು ನಿಂತಿದ್ದ. ಆದರೆ ಹೊರಗೆ ಹೋಗಲಿಲ್ಲ. ಅಂಗಿ ಮೇಲೆತ್ತಿ, ಸೊಂಟಕ್ಕೆ ಪಂಚೆಯೊಳಗೆ ಸುತ್ತಿ ಕಟ್ಟಿಕೊಂಡಿದ್ದ ಬಟ್ಟೆಯನ್ನು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಅದು ಭದ್ರಮ್ಮನ ಹಳೆಯ ಸೀರೆಯ ಸೆರಗು, ಹಸಿರು ಅಂಚು. ಒಳಗಿನಿಂದ ಆ ಮರದ ತುಂಡನ್ನು ತೆಗೆದು ಮೇಜಿನ ಮೇಲೆ, ಕೋವಿಯ ಎರಡು ಭಾಗಗಳ ಪಕ್ಕದಲ್ಲಿ ಇಟ್ಟ. ಮೈಯ ಬಿಸಿಗೆ, ಬೆವರಿಗೆ ಮರ ಕಪ್ಪಾಗಿತ್ತು.

"ಇದ್ನೂ ಅಲ್ಲೇ ಮಡಿಕಳಿ ಸ್ವಾಮಿ" ಎಂದ ಮನೋಹರನಿಗೆ. ಆಮೇಲೆ ಮಗನ ಕಡೆ ತಿರುಗದೆಯೇ ಹೇಳಿದ. "ಅವಳು ಹೋದ ದಿನ್ವೇ ತೆಗ್ದು ಮಡಿಕಂಡಿದ್ದೆ. ಅವಳ ಕೈ ಮುಟ್ಟಿದ್ದು ಅಂತ. ಆಮೇಲೆ ಒಂದಿನ ಮದ್ಯಾನ ಕುರಿ ಬುಟ್ಟು ಬೇಗ ಬಂದೆ. ನೀನು ವಾಡೆಗೆ ಭುಜದ ಗಂಟ ಕೈ ಬುಟ್ಕಂಡು, ಕೆನ್ನೆ ಆನಿಸ್ಕಂಡು ನಿಂತಿದ್ದೆ. ಬಾಗ್ಲಲ್ಲಿ ನಿಂತು ನೋಡ್ದೆ. ಕೂಗಾನ ಅನ್ಕಂಡೆ, ಬಾಯೇ ಬರ್ಲಿಲ್ಲ ಕಣ್ಲಾ."

"ಇದೆಯೋ ಇಲ್ವೋ ನೋಡ್ತಿದ್ದೆ" ಎಂದ ತಿಮ್ಮೇಶ.

"ಹೂಂ. ನಾನೂ ಒರೆಸ್ತಿದ್ದೆ" ಎಂದ ಲಕ್ಕಯ್ಯ.

ಮನೋಹರ್ ಯಾರದೋ ಫೋನು ಬಂದವನ ಹಾಗೆ ಎದ್ದು ಹೊರಗೆ ಹೋದ. ತಿಮ್ಮೇಶನಿಗೆ ಮೊದಲು ಬಂದದ್ದು ಸಿಟ್ಟು. ಹಾಗೇನಿಲ್ಲ, ಹುಚ್ಚು ಹಿಡಿದಿದೆ ನಿನಗೆ, ನಾನ್ಯಾಕೆ ಹಾಗೆ ಮಾಡಿಕೊಳ್ಳಲಿ, ಯಾವುದೋ ಚೊಂಬು ನೀರಿಗೆ. ಮಾತುಗಳು ಸಾಲಾಗಿ ಬಂದು ನಾಲಗೆಯ ತುದಿಯಲ್ಲಿ ನಿಂತವು. ಅವನು ತನ್ನ ಬಲಗೈ ನೋಡಿಕೊಂಡ. ರಾಗಿಯ ತಂಪು ಆ ಕೈಗೆ ನೆನಪಿತ್ತು. ಹುಡುಕುವಾಗ ನಾನು ಯಾಕೆ ಅಂಗಿ ಬಿಚ್ಚಿಟ್ಟಿದ್ದೆ, ಯಾಕೆ ಬಾಗಿಲು ಮುಂದೆ ಮಾಡಿಕೊಂಡಿದ್ದೆ, ತಳ ಸಿಕ್ಕಿ ಬೆರಳಿಗೆ ಏನೂ ಸಿಗದಾಗ ಯಾಕೆ ಅತ್ತಿದ್ದೆ. ಅತ್ತದ್ದು ಈಗ ನೆನಪಾಯಿತು. ತುಂಡು ಸಿಗಲಿಲ್ಲವೆಂದು ಅತ್ತದ್ದು. ಮಂಚ ಬಾಗಿಲಿಗೆ ಅಡ್ಡ ಬಂದದ್ದು, ಔಷಧಿಯ ಡಬ್ಬಿ ಗೋಣಿಯಲ್ಲಿ ಸುತ್ತಿದ್ದು, ಬಾವಿಯ ಹತ್ತಿರದ ಕೆಮ್ಮು, ಎಲ್ಲ ಒಂದೊಂದಾಗಿ ಮಗ್ಗುಲು ಬದಲಾಯಿಸಿ ಮಲಗಿದವು. ಡಬ್ಬಿಯನ್ನು ತಾನು ಹೂತು ಬಂದ ಮಾರನೆಯ ದಿನ ಅಪ್ಪ ಹಾಗೆ ನೋಡಿದ್ದು, ಅದು ಮಗನ ಕೈಗೆ ಸೇರಿತೆಂದು. ಆಮೇಲಿನ ಅಷ್ಟೂ ದಿನ ಮುದುಕ ಹೇಗೆ ಉಣ್ಣುತ್ತಿದ್ದನೋ.

"ಆವತ್ತು ಬೆಳಿಗ್ಗೆ ಹಟ್ಟೀಲಿ..." ಎಂದ.

"ಎಲ್ಲಿ ಬಚ್ಚಿಟ್ರೂ ನೀನು ಹುಡುಕ್ತೀಯ. ಅದಕ್ಕೇ ಹಿಡ್ಕಂಡು ಕುಂತಿದ್ದೆ" ಎಂದ ಲಕ್ಕಯ್ಯ. ಖಾಲಿಯಾದ ಸೆರಗಿನ ಬಟ್ಟೆಯನ್ನು ಮಡಿಸುತ್ತಿದ್ದ, ಮೂಲೆಗೆ ಮೂಲೆ ಕೂಡಿಸಿ. ಮಡಿಸಿ ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದ. "ಒಸಿ ನಂಗೂ ಬ್ಯಾಸರ ಆಗಿತ್ತು. ಇಲ್ಲ ಅನ್ನಾಕಿಲ್ಲ. ಆದ್ರೆ ನಾನು ಹೋದ್ರೆ ನಿನ್ನ ಯಾರು ಕಾಯ್ತಾರೆ ಅನ್ಕಂಡೆ."

ಮನೋಹರ್ ಒಳಗೆ ಬಂದು ಕೆಮ್ಮಿದ. ಕೋವಿಯನ್ನು ತೆಗೆದುಕೊಳ್ಳಲು ಬರುವ ಇಬ್ಬರು ಯಾರು, ಹೆಸರು ಬೇಕು ಎಂದ. ಒಂದು ತಿಮ್ಮೇಶನದು, ಅದು ಸರಿ. ಇನ್ನೊಂದು? ಲಕ್ಕಯ್ಯ ಬಾಯಿ ತೆರೆಯುವಷ್ಟರಲ್ಲಿ ತಿಮ್ಮೇಶ ಹೇಳಿದ: "ವರಲಕ್ಷ್ಮಿ. ನಮ್ಮನೆಯೋಳು." ಅಪ್ಪ ತಿರುಗಿ ನೋಡಿದ. ಆ ದಿನ ಮೊದಲ ಸಲ ಮಗನ ಮುಖವನ್ನು ನೇರವಾಗಿ ನೋಡಿದ್ದು. "ಅವಳಿಗೆ ಹೇಳ್ಬೇಕು ಮತ್ತೆ" ಎಂದ. "ಏನಕ್ಕೆ ಅಂತ ಹೇಳ್ಬೇಕು."

"ಹೇಳ್ತೀನಿ."

ಕಬ್ಬಿಣದ ಬಾಗಿಲು ಮುಚ್ಚಿತು. ಒಂದು ಬೀಗ, ಆಮೇಲೆ ಇನ್ನೊಂದು. ಹೊರಗೆ ಬಂದಾಗ ಬಿಸಿಲು ಬಂಡೆಯ ಮೇಲೆ ಹಾಗೇ ಇತ್ತು, ಹುಡುಗಿಯರು ಮತ್ತೆ ಹೊಡೆಯತೊಡಗಿದ್ದರು. ಏನೋ ಹಗುರವಾಗುತ್ತದೆ ಎಂದು ತಿಮ್ಮೇಶ ಕಾದ. ಏನೂ ಹಗುರವಾಗಲಿಲ್ಲ. ಎದೆ ಉರಿಯುತ್ತಲೇ ಇತ್ತು. ಅದು ಆಸಿಡಿಟಿಯಲ್ಲ ಎಂದು ಮಾತ್ರ ಈಗ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗಬೇಕು, ಮೆಡಿಕಲ್ ಸ್ಟೋರಿಗಲ್ಲ, ಎಂದುಕೊಂಡ. ಅದನ್ನು ಹೇಗೆ ಹೇಳುವುದು, ಯಾವ ಡಾಕ್ಟರು, ಅದೆಲ್ಲ ಆಮೇಲೆ.

ವಾಪಸು ಹೋಗುವಾಗ ಅಪ್ಪನ ಮಡಿಲು ಖಾಲಿಯಿತ್ತು, ಎರಡೂ ಕೈಯಲ್ಲಿ ಅಂಗಿ ಹಿಡಿದಿದ್ದ. ಊರು ಹತ್ತಿರವಾಯಿತು. ಕೆರೆ ಏರಿಯ ಸುತ್ತುದಾರಿ ಬಂತು. ತಿಮ್ಮೇಶ ಬೈಕು ನಿಧಾನ ಮಾಡಿದ. ಸಂಜೆಯ ಹಾಲಿನ ಹೊತ್ತು, ಡೇರಿಯ ಮುಂದೆ ಎಲ್ಲರೂ ಇರುತ್ತಾರೆ. ಚಿಕ್ಕರಾಜು ಇರುತ್ತಾನೆ. ವರಲಕ್ಷ್ಮಿ ಸಾಲಿನಲ್ಲಿ ನಿಂತಿರುತ್ತಾಳೆ.

ಹಿಂದೆ ಅಪ್ಪ ಹಿಡಿದ ಅಂಗಿಯನ್ನು ಸಡಿಲಿಸಲಿಲ್ಲ.

ತಿಮ್ಮೇಶ ಡೇರಿಯ ರಸ್ತೆಗೆ ತಿರುಗಿಸಿದ. ದೂರದಿಂದಲೇ ಸಾಲು ಕಂಡಿತು, ಒಂದೆರಡು ಮುಖಗಳು ಈ ಕಡೆ ತಿರುಗಿದವು. ಬೆವರಿಗೆ ಕೈ ಹ್ಯಾಂಡಲ್ಲಿನ ಮೇಲೆ ಜಾರುತ್ತಿತ್ತು. "ಬುಡಬ್ಯಾಡ ಕಣಪ್ಪ" ಎಂದ ಹಿಂದಕ್ಕೆ ತಿರುಗದೆ. "ಹಿಡ್ಕೊಂಡಿರು."

"ಹಿಡ್ಕಂಡಿವ್ನಿ, ಓಡ್ಸು" ಎಂದ ಲಕ್ಕಯ್ಯ.